ಪಾರ್ಕಿನ್ಸನ್ ಕಾಯಿಲೆಯವರಿಗೆ ಸಾಮೂಹಿಕ ಸಂಗೀತ ಪಾಠ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಯಜಮಾನರಿಗೆ 68 ವರ್ಷ. ಆರು ವರ್ಷಗಳಿಂದ ಪಾರ್ಕಿನ್ಸನ್ ಕಾಯಿಲೆಗೆ ಚಿಕಿತ್ಸೆ ನಡೆಯುತ್ತಿದೆ. ಕೈ ನಡುಕ ಮಾತ್ರೆಯಿಂದ ಹತೋಟಿಯಲ್ಲಿದೆ. ಆದರೆ ದನಿ ತೀರಾ ಕುಗ್ಗಿದೆ, ಹೆಜ್ಜೆ ಎಳೆಯುತ್ತಾ ನಡೆಯುತ್ತಾರೆ. ನಮ್ಮ ಬಡಾವಣೆಯಲ್ಲಿ ಸಂಗೀತ ಶಿಕ್ಷಕಿಯೊಬ್ಬರು ಈ ಕಾಯಿಲೆ ಇರುವವರಿಗೆಂದೇ ವಾರಕ್ಕೊಮ್ಮೆ ಸಾಮೂಹಿಕ ಪಾಠ ಆರಂಭಿಸಿದ್ದಾರೆ. ಯಜಮಾನರು ಈವರೆಗೆ ಒಂದು ಸಾಲನ್ನೂ ಹಾಡಿದವರಲ್ಲ. ಈ ವಯಸ್ಸಿನಲ್ಲಿ ಸರಳೆ ವರಸೆ ಕಲಿತು ಏನಾಗಬೇಕು ಎಂದು ಮಗ ಕೇಳುತ್ತಾನೆ. ಕಳುಹಿಸಬಹುದೇ? ಇದರಿಂದ ಮಾತ್ರೆ ಕಡಿಮೆಯಾದೀತೇ?
— ಓದುಗರೊಬ್ಬರು, ಮೈಸೂರು

ಉತ್ತರ: ಖಂಡಿತ ಕಳುಹಿಸಿ. ಆದರೆ ಮಾತ್ರೆ ಕಡಿಮೆಯಾಗುತ್ತದೆ ಎಂಬ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ನಶಿಸುತ್ತಾ ಹೋಗುವುದು ಈ ಕಾಯಿಲೆಯ ಮೂಲ. ಸಂಗೀತ ಆ ಕೋಶಗಳನ್ನು ಮರಳಿ ತರುವುದಿಲ್ಲ. ಡೋಪಮೈನ್ ಕೊರತೆ ತುಂಬುವ ಲೆವೊಡೋಪಾ ಮಾತ್ರೆಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ, ಹೇಳಿದ ಹೊತ್ತಿಗೆ ಕೊಡುತ್ತಲೇ ಇರಬೇಕು. ನೀವು ಬರೆದಿರುವ ಎರಡು ತೊಂದರೆಗಳು, ಅಂದರೆ ಕುಗ್ಗಿದ ದನಿ ಮತ್ತು ಎಳೆಯುವ ಹೆಜ್ಜೆ, ಅನೇಕರಲ್ಲಿ ಮಾತ್ರೆಯಿಂದ ಪೂರ್ತಿ ಸರಿಹೋಗುವುದಿಲ್ಲ. ಸಂಗೀತಾಭ್ಯಾಸ ನೆರವಿಗೆ ಬರುವುದು ಅಲ್ಲಿಯೇ.

ಆರೋಗ್ಯವಂತರು ನಡೆಯುವಾಗ ಹೆಜ್ಜೆಯ ಉದ್ದವನ್ನಾಗಲಿ ಲಯವನ್ನಾಗಲಿ ಲೆಕ್ಕ ಹಾಕುವುದಿಲ್ಲ. ಆ ಲಯವನ್ನು ಒಳಗಿನಿಂದಲೇ ಹಿಡಿದುಕೊಡುವ ಕೆಲಸದಲ್ಲಿ ಮಿದುಳಿನ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗಕ್ಕೆ ದೊಡ್ಡ ಪಾಲಿದೆ, ಮತ್ತು ಪಾರ್ಕಿನ್ಸನ್ ಕಾಯಿಲೆಯಲ್ಲಿ ಸೊರಗುವುದು ಇದೇ ವ್ಯವಸ್ಥೆ. ಹೊರಗಿನಿಂದ ಸ್ಪಷ್ಟವಾದ ತಾಳ ಕಿವಿಗೆ ಬಿದ್ದಾಗ ಕಾಲು ಅದನ್ನು ಹಿಡಿದು ನಡೆಯಬಲ್ಲದು. ಅಮೆರಿಕದ ಮೈಕೆಲ್ ಥೌಟ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ವಾರ ಮನೆಯಲ್ಲೇ ತಾಳಕ್ಕೆ ಸರಿಯಾಗಿ ನಡೆಯುವ ಅಭ್ಯಾಸ ಮಾಡಿದವರ ನಡಿಗೆಯ ವೇಗ ಶೇ. 25ರಷ್ಟು, ಹೆಜ್ಜೆಯ ಉದ್ದ ಶೇ. 12ರಷ್ಟು ಹೆಚ್ಚಿತ್ತು.

ದನಿಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ಈ ಕಾಯಿಲೆ ಇರುವವರಿಗೆ ತಮ್ಮ ದನಿ ಸಣ್ಣದಾಗಿದೆ ಎಂಬುದೇ ಬಹಳ ಸಲ ತಿಳಿಯುವುದಿಲ್ಲ. ಪಿಸುಮಾತಿನಷ್ಟು ಮೆಲ್ಲಗೆ ಹೇಳಿ, ಗಟ್ಟಿಯಾಗಿಯೇ ಹೇಳಿದೆನೆಂದು ನಂಬುತ್ತಾರೆ. ಮನೆಯವರು ಮತ್ತೆ ಮತ್ತೆ ಕೇಳಿದಾಗ ಬೇಸರಗೊಂಡು ಮಾತನ್ನೇ ಕಡಿಮೆ ಮಾಡುತ್ತಾರೆ. ಒಬ್ಬರೇ ಕುಳಿತು ಮಾಡುವ ಅಭ್ಯಾಸಕ್ಕಿಂತ ಗುಂಪಿನ ಪಾಠ ಮೇಲೆಂದು ನಾನು ಹೇಳುವುದಕ್ಕೆ ಇದೇ ಮುಖ್ಯ ಕಾರಣ. ಶ್ರುತಿ ಪೆಟ್ಟಿಗೆಯ ನಾದ ಮತ್ತು ಅಕ್ಕಪಕ್ಕದವರ ಕಂಠ ಎರಡೂ ಕೇಳಿಸುತ್ತಿರುವಾಗ ತನ್ನ ದನಿ ಎಷ್ಟಿದೆ, ಎಷ್ಟಿರಬೇಕು ಎಂಬುದಕ್ಕೆ ಅಲ್ಲೇ ಒಂದು ಅಳತೆ ಸಿಗುತ್ತದೆ. ಉಸಿರು ತುಂಬಿಕೊಂಡು ಷಡ್ಜದಲ್ಲಿ, ಅಂದರೆ ‘ಸ’ ಸ್ವರದಲ್ಲಿ, ದೀರ್ಘವಾಗಿ ‘ಆ’ ಎಂದು ಹಿಡಿಯುವ ಅಭ್ಯಾಸ ಉಸಿರಾಟದ ಸ್ನಾಯುಗಳಿಗೂ ವ್ಯಾಯಾಮವೇ. ಅಮೆರಿಕದ ಅಯೋವಾದಲ್ಲಿ 27 ಮಂದಿ ಎಂಟು ವಾರ ಗುಂಪಾಗಿ ಹಾಡುವುದನ್ನು ಅಭ್ಯಾಸ ಮಾಡಿದಾಗ, ಉಸಿರಾಟದ ಸ್ನಾಯುಗಳ ಬಲವೂ ಒಂದೇ ಉಸಿರಿನಲ್ಲಿ ದನಿ ಹಿಡಿಯುವ ಅವಧಿಯೂ ಸುಧಾರಿಸಿದ್ದವು. ಹಾಡಲು ಬಾರದು ಎಂಬುದು ಇಲ್ಲಿ ಅಡ್ಡಿಯಲ್ಲ. ಸ್ವರಸ್ಥಾನ ತಪ್ಪಿದರೂ ಉಸಿರು, ಕಂಠ, ನಾಲಿಗೆ, ತುಟಿಗಳ ಕೆಲಸ ನಡೆದೇ ಇರುತ್ತದೆ.

ಇಟಲಿಯ ಪಾವಿಯಾದಲ್ಲಿ 32 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗದ ವಿವರ 2000ನೇ ಇಸವಿಯಲ್ಲಿ ಪ್ರಕಟವಾಯಿತು. ಮೂರು ತಿಂಗಳ ಕಾಲ ವಾರಕ್ಕೊಮ್ಮೆ ಸಮೂಹಗಾನ, ಕಂಠಸಾಧನೆ, ಲಯಬದ್ಧ ಚಲನೆಗಳನ್ನು ಮಾಡಿದವರಲ್ಲಿ ಚಲನೆಯ ನಿಧಾನಗತಿ ತಗ್ಗಿತು, ಮನಸ್ಸಿನ ಸ್ಥಿತಿ ಸುಧಾರಿಸಿತು. ಫಿಸಿಯೋಥೆರಪಿ ಪಡೆದ ಗುಂಪಿನಲ್ಲಿ ಸುಧಾರಿಸಿದ್ದು ಸ್ನಾಯುಗಳ ಬಿಗಿತ. ಎರಡರ ಫಲವೂ ಬೇರೆ ಬೇರೆಯಾದ್ದರಿಂದ, ಸಂಗೀತಕ್ಕೆ ಸೇರಿದೆವೆಂದು ವ್ಯಾಯಾಮ ಬಿಡಬೇಡಿ.

ನೀವು ಮೈಸೂರಿನಲ್ಲೇ ಇರುವುದರಿಂದ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಒಮ್ಮೆ ದನಿಯ ಪರೀಕ್ಷೆ ಮಾಡಿಸಿ. ಆಹಾರ ನುಂಗುವಾಗ ಕೆಮ್ಮು ಬರುತ್ತಿದ್ದರೆ ಅದನ್ನೂ ಅಲ್ಲಿ ತಪ್ಪದೆ ತಿಳಿಸಿ. ಪಾಠದಿಂದ ಪ್ರಯೋಜನವಾಗುತ್ತಿದೆಯೇ ಎಂದು ನೋಡಲು ಅವರ ಹಾಡನ್ನು ಪರೀಕ್ಷಿಸಬೇಕಿಲ್ಲ. ತಿಂಗಳಿಗೊಮ್ಮೆ, ಪ್ರತಿ ಸಲವೂ ಮಾತ್ರೆ ತೆಗೆದುಕೊಂಡು ಅಷ್ಟೇ ಹೊತ್ತಾದ ಮೇಲೆ, ಒಂದೇ ಉಸಿರಿನಲ್ಲಿ ಎಷ್ಟು ಸೆಕೆಂಡ್ ‘ಆ’ ಎನ್ನಬಲ್ಲರೆಂದು ಮೊಬೈಲಿನಲ್ಲಿ ಅಳೆದು ಬರೆದಿಡಿ. ಫೋನಿನಲ್ಲಿ ಮಾತನಾಡುವಾಗ ಆ ಕಡೆಯವರು ‘ಏನಂದಿರಿ?’ ಎಂದು ಕೇಳುವುದು ಕಡಿಮೆಯಾಯಿತೇ ಎಂಬುದನ್ನೂ ಗಮನಿಸಿ.

ಪ್ರಶ್ನೆ: ನಾನು ಹಿಂದೂಸ್ತಾನಿ ಗಾಯನ ಕಲಿಸುತ್ತೇನೆ. ಪಾರ್ಕಿನ್ಸನ್ ಇರುವ ಏಳೆಂಟು ಹಿರಿಯರಿಗೆ ಭಜನೆ, ವಚನಗಳನ್ನು ಕಲಿಸುವ ಆಸೆಯಿದೆ. ಏನೇನು ಎಚ್ಚರ ವಹಿಸಬೇಕು?
— ಸಂಗೀತ ಶಿಕ್ಷಕರು, ಧಾರವಾಡ

ಉತ್ತರ: ತಮ್ಮ ಆಸೆ ಕೈಗೂಡಲಿ. ಮೊದಲು ನೋಡಬೇಕಾದದ್ದು ಹೊತ್ತು. ಮಾತ್ರೆಯ ಪ್ರಭಾವ ಇರುವಾಗ ಸರಾಗವಾಗಿ ಚಪ್ಪಾಳೆ ತಟ್ಟುವವರೇ ಪ್ರಭಾವ ಇಳಿದಾಗ ಕೈ ಎತ್ತಲೂ ಕಷ್ಟಪಡುತ್ತಾರೆ; ಹಾಗಾಗಿ ಪ್ರತಿಯೊಬ್ಬರ ಮಾತ್ರೆಯ ವೇಳೆ ಕೇಳಿಕೊಂಡು ತರಗತಿಯ ಸಮಯ ಗೊತ್ತುಮಾಡಿ. ನೆಲದ ಮೇಲೆ ಕೂರಿಸಬೇಡಿ, ಕೈಯಿರುವ ಗಟ್ಟಿ ಕುರ್ಚಿ ಹಾಕಿಸಿ. ದಾರಿಯಲ್ಲಿ ಚಾಪೆಯಾಗಲಿ ತಂಬೂರಿಯ ವೈರ್ ಆಗಲಿ ಇರಬಾರದು. ಸಾಹಿತ್ಯವನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಡಿ.

ಲಯದ ವಿಷಯದಲ್ಲಿ ಮಧ್ಯಲಯಕ್ಕಿಂತ ಮುಂದೆ ಹೋಗಬೇಡಿ. ವೇಗ ಹೆಚ್ಚಿದಂತೆ ಇವರ ಕೈಚಲನೆ ಚಿಕ್ಕದಾಗುತ್ತಾ, ತಾಳವನ್ನು ಬಿಟ್ಟು ಓಡಿ, ಕೊನೆಗೆ ನಿಂತೇ ಹೋಗಬಹುದು. ಕೇಹರವಾ ತಾಳದ ಎಂಟು ಎಣಿಕೆಗಳು ಇದಕ್ಕೆ ಸಾಕು. ಹಾಡುವುದು, ತಾಳ ಹಾಕುವುದು ಎರಡನ್ನೂ ಒಟ್ಟಿಗೆ ಮಾಡುವುದು ಇವರಿಗೆ ಕಷ್ಟವಾದ್ದರಿಂದ ಮೊದಲು ಬರೀ ತಾಳ, ಆಮೇಲೆ ಬರೀ ಸಾಲು, ಕೊನೆಗೆ ಎರಡನ್ನೂ ಕೂಡಿಸಿ. ಕರ್ನಾಟಕ ಪದ್ಧತಿಯ ಆದಿತಾಳವನ್ನು ಎರವಲು ಪಡೆದರೂ ಒಳ್ಳೆಯದೇ: ಒಂದು ಘಾತದ (ಅಂಗೈಯಿಂದ ತಟ್ಟುವ ಪೆಟ್ಟಿನ) ನಂತರ ಕಿರುಬೆರಳು, ಉಂಗುರದ ಬೆರಳು, ನಡುಬೆರಳುಗಳನ್ನು ಒಂದೊಂದಾಗಿ ತೊಡೆಗೆ ಮುಟ್ಟಿಸುವ ಕ್ರಿಯೆಯಲ್ಲಿ, ಬಿಗಿದುಕೊಂಡ ಬೆರಳುಗಳನ್ನು ಬಿಡಿಬಿಡಿಯಾಗಿ ಆಡಿಸುವ ಅಭ್ಯಾಸ ತಾನಾಗಿಯೇ ಸಿಗುತ್ತದೆ.

ಇನ್ನೊಂದು ಮಾತು. ತಾವು ಎಷ್ಟೇ ಪ್ರೀತಿಯಿಂದ ಕಲಿಸಿದರೂ ಎದುರಿಗಿರುವವರ ಮುಖ ಅರಳದೆ ಇರಬಹುದು. ಅದನ್ನು ನಿರಾಸಕ್ತಿಯೆಂದು ತಿಳಿಯಬೇಡಿ. ಮುಖದ ಸ್ನಾಯುಗಳು ಸರಿಯಾಗಿ ಚಲಿಸದಿರುವುದು ಕಾಯಿಲೆಯದೇ ಲಕ್ಷಣ. ಹಾಡು ಇಷ್ಟವಾಯಿತೇ ಎಂದು ಬಾಯಿಬಿಟ್ಟು ಕೇಳಿ, ಉತ್ತರ ಬರುವವರೆಗೆ ಕಾಯಿರಿ.

ಪ್ರಶ್ನೆ: ತರಗತಿಗೆ ಹೋಗುವ ಬದಲು ಅಪ್ಪನಿಗೆ ಇಯರ್‌ಫೋನ್ ಹಾಕಿ ಹಾಡು ಕೇಳಿಸುತ್ತಾ ವಾಕಿಂಗ್ ಮಾಡಿಸಿದರೆ ಸಾಲದೇ?
— ಓದುಗರು, ಬೆಂಗಳೂರು

ಉತ್ತರ: ಕೇಳುವುದರಿಂದಲೂ ಉಪಯೋಗವಿದೆ, ಆದರೆ ತಾವೇ ಹಾಡಿಕೊಳ್ಳುವುದರಿಂದ ಹೆಚ್ಚು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು, ಹಾಡನ್ನು ಕೇಳುತ್ತಾ ನಡೆದಾಗ ಇರುವುದಕ್ಕಿಂತ ಅದನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಾ ನಡೆದಾಗ ರೋಗಿಗಳ ಹೆಜ್ಜೆ ಹೆಚ್ಚು ಸಮನಾಗಿರುವುದನ್ನು ಕಂಡಿದ್ದಾರೆ. ಹಾಗೆ ಹಾಡಿಕೊಳ್ಳಬೇಕಾದರೆ ಹಾಡು ಕಂಠಪಾಠವಾಗಿರಬೇಕು, ಅದರ ಲಯ ಮೈಗೆ ಹತ್ತಿರಬೇಕು; ತರಗತಿಯಲ್ಲಿ ವಾರ ವಾರ ಆಗುವುದು ಅದೇ. ರಸ್ತೆಯಲ್ಲಂತೂ ಇಯರ್‌ಫೋನ್ ಬೇಡ, ಹಿಂದಿನಿಂದ ಬರುವ ವಾಹನದ ಸದ್ದು ಕೇಳಿಸುವುದಿಲ್ಲ. ಬಾಗಿಲ ಹತ್ತಿರ ಕಾಲು ಅಂಟಿಕೊಂಡಂತೆ ನಿಂತುಬಿಟ್ಟರೆ ತೋಳು ಹಿಡಿದು ಎಳೆಯಬೇಡಿ. ಅವರು ಕಲಿತ ಹಾಡಿನ ಮೊದಲ ಸಾಲನ್ನು ನೀವೇ ತಾಳ ತಟ್ಟುತ್ತಾ ಎತ್ತಿಕೊಂಡು, ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಲಗಾಲು ಇಡುವಂತೆ ಹೇಳಿ.