ಮೊದಲ ಕಾದಂಬರಿಗೆ ಒಂದೇ ಕಂತಿನ ಗೌರವಧನ ಒಪ್ಪಲೇ, ಮಾರಾಟದ ಪಾಲಾದ ರಾಯಲ್ಟಿ ಕೇಳಲೇ?

ಒಪ್ಪಂದ ಎರಡೇ ಪುಟ, ಭಾನುವಾರ ಸಹಿ ಎಂದು ಬರೆದಿದ್ದೀರಿ. ನನ್ನದೂ ಎರಡೇ ಪುಟವಿತ್ತು.

ಆ ದಿನ ನಾನು ಪ್ರಕಾಶಕರ ಕಚೇರಿಗೆ ಹೋದದ್ದು ಕೊನೆಯ ಕರಡು ತಿದ್ದಲು. ಬೆಳಗಿನಿಂದ ಮಧ್ಯಾಹ್ನದವರೆಗೆ ಕೆಂಪು ಪೆನ್ನು ಹಿಡಿದು ಕುಳಿತು ನಲವತ್ತಕ್ಕೂ ಹೆಚ್ಚು ಅಚ್ಚಿನ ತಪ್ಪುಗಳನ್ನು ಹೆಕ್ಕಿದೆ. ಒತ್ತಕ್ಷರ ಬಿಟ್ಟುಹೋದದ್ದು, ಅಲ್ಪಪ್ರಾಣ ಮಹಾಪ್ರಾಣವಾದದ್ದು, ಒಂದನ್ನೂ ಬಿಡಲಿಲ್ಲ. ಹೊರಡುವಾಗ ಒಪ್ಪಂದ ಮುಂದಿಟ್ಟರು. ಮೊತ್ತವಿದ್ದ ಸಾಲನ್ನಷ್ಟೇ ನೋಡಿ ಸಹಿ ಹಾಕಿದೆ. ಕೆಂಪು ಶಾಯಿ ಆಗದೆಂದು ನೀಲಿ ಪೆನ್ನನ್ನೂ ಅವರೇ ಕೊಟ್ಟರು.

ಅದರಲ್ಲಿ ಹೀಗಿತ್ತು: ಕೃತಿಯ ಸಮಸ್ತ ಹಕ್ಕುಗಳನ್ನು, ಎಲ್ಲ ಭಾಷೆ ಮತ್ತು ಮಾಧ್ಯಮಗಳಿಗೆ, ಶಾಶ್ವತವಾಗಿ ವಹಿಸಿಕೊಟ್ಟಿದ್ದೇನೆ. ನನ್ನನ್ನು ಕೆಡಿಸಿದ್ದು ಆ ‘ಶಾಶ್ವತವಾಗಿ’. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಓದಿದ ಮೇಲೆ ಇದು ಇನ್ನಷ್ಟು ಉರಿಯಿತು. ಅವಧಿ ನಮೂದಿಸದಿದ್ದರೆ ಹಕ್ಕು ವರ್ಗಾವಣೆ 5 ವರ್ಷಕ್ಕೆ ಮಾತ್ರ ಎಂದೇ ಲೆಕ್ಕ. ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ. ಪಡೆದ ಹಕ್ಕನ್ನು 1 ವರ್ಷದೊಳಗೆ ಬಳಸದಿದ್ದರೆ ಆ ಹಕ್ಕಿನ ವರ್ಗಾವಣೆ ಬಿದ್ದುಹೋಗುತ್ತದೆ, ಒಪ್ಪಂದದಲ್ಲಿ ಬೇರೆ ರೀತಿ ಬರೆದಿರದಿದ್ದರೆ. ನನ್ನದರಲ್ಲಿ ಬೇರೆ ರೀತಿಯೇ ಬರೆದಿತ್ತು. ಅಂದರೆ ಅವಧಿಯ ಸುದ್ದಿಯೇ ಇಲ್ಲದ ಬೋಳು ಒಪ್ಪಂದಕ್ಕೆ ಸಹಿ ಮಾಡಿದ್ದರೂ ಕಾನೂನು ನನ್ನ ಕೈ ಹಿಡಿಯುತ್ತಿತ್ತು! ಕೃತಿಸ್ವಾಮ್ಯ ಲೇಖಕ ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಅಷ್ಟನ್ನೂ ಕೊಟ್ಟು, ಧನ್ಯವಾದವನ್ನೂ ಹೇಳಿ ಬಂದೆ.

ಆರು ವರ್ಷಗಳ ನಂತರ ಮಲಯಾಳಂ ಅನುವಾದಕರೊಬ್ಬರು ಅನುಮತಿ ಕೇಳಿದರು. ಕೊಡಲು ನಾನು ಯಾರು? ಪ್ರಕಾಶಕರು ಹೇಳಿದ ಮೊತ್ತ ಕೇಳಿ ಅವರು ಕೈಬಿಟ್ಟರು. ಆಮೇಲೆ ಧ್ವನಿಪುಸ್ತಕ ಬಂತು. ನನಗೆ ತಿಳಿದದ್ದು ಓದುಗರಿಂದ. ಅದಕ್ಕೆ ದನಿ ಕೊಟ್ಟವರು ನಾಯಕಿಯ ಹೆಸರನ್ನು ಉದ್ದಕ್ಕೂ ತಪ್ಪಾಗಿ ಉಚ್ಚರಿಸಿದ್ದಾರೆ. ಮುದ್ರಿತ ಪ್ರತಿಗಳು ಮುಗಿದಿವೆ. ಪ್ರಕಾಶಕರು ಮರುಮುದ್ರಿಸುವುದಿಲ್ಲ, ನಾನು ಮುದ್ರಿಸುವಂತಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಗೌರವಧನವೋ ರಾಯಲ್ಟಿಯೋ ಎಂಬುದು ಬರುವ ಹಣದ ಮಾತಾಯಿತು. ಕೊಡುತ್ತಿರುವುದು ಏನನ್ನು ಎಂದು ನೀವು ಕೇಳಿಯೇ ಇಲ್ಲ. ರಾಯಲ್ಟಿಯ ಲೆಕ್ಕ ಕೇಳಿ ಕೇಳಿ ಸ್ನೇಹ ಕೆಡಿಸಿಕೊಂಡವರನ್ನು ಕಂಡಿರುವುದರಿಂದ ಒಂದೇ ಕಂತು ವಾಸಿ ಎನ್ನುವವನು ನಾನು. ಆದರೆ ಆ ಕಂತು ಕನ್ನಡದ ಮುದ್ರಿತ ಪುಸ್ತಕಕ್ಕೆ, ಮೊದಲ ಮುದ್ರಣದ ಇಂತಿಷ್ಟು ಪ್ರತಿಗಳಿಗೆ ಮಾತ್ರ ಎಂದು ಬರೆಸಿ. ಅನುವಾದ, ಸಿನಿಮಾ, ಧ್ವನಿಪುಸ್ತಕ ನಿಮ್ಮಲ್ಲೇ ಇರಲಿ. ವಕೀಲರೊಬ್ಬರಿಗೆ ತೋರಿಸಿ. ಪ್ರಕಾಶಕರು ‘ನಮ್ಮ ಮೇಲೆ ನಂಬಿಕೆ ಇಲ್ಲವೇ?’ ಎನ್ನುತ್ತಾರೆ. ‘ಇದೆ ಸಾರ್, ಅದನ್ನೇ ಬರೆದಿಟ್ಟುಕೊಳ್ಳೋಣ’ ಎನ್ನಿ.

ಭಾನುವಾರ ಸಹಿ ಬೇಡ. ಕರಡು ತಿದ್ದುವ ಪೆನ್ನನ್ನು ಮೊದಲು ಆ ಎರಡು ಪುಟಗಳ ಮೇಲೆ ಓಡಿಸಿ.