ಬೀಟಾ ಭರ್ತಿ: ಕಾದರೆ ಸಿಗುತ್ತದೆಯೇ?

ಪ್ರಶ್ನೆ: ಐಫೋನ್‌ನಲ್ಲಿ ಹೊಸ ಆ್ಯಪ್‌ನ ಟೆಸ್ಟ್‌ಫ್ಲೈಟ್ (ಬಿಡುಗಡೆಗೆ ಮೊದಲೇ ಆ್ಯಪ್ ಪರೀಕ್ಷಿಸಲು ಆ್ಯಪಲ್‌ನ ವ್ಯವಸ್ಥೆ) ಲಿಂಕ್ ಒತ್ತಿದಾಗಲೆಲ್ಲ ಬೀಟಾ, ಅಂದರೆ ಪರೀಕ್ಷಾ ಆವೃತ್ತಿ, ಭರ್ತಿಯಾಗಿದೆ ಎಂದೇ ಬರುತ್ತದೆ. ಕಾದು ಕಾದು ಸಾಕಾಗಿದೆ. ದಾರಿಯಿದೆಯೇ?

ಉತ್ತರ: ಆ ಲಿಂಕ್‌ನ ಹಿಂದೆ ಸರತಿಯೇ ಇಲ್ಲ, ಹಾಗಾಗಿ ಎಷ್ಟು ಕಾದರೂ ನಿಮ್ಮ ಸರದಿ ಅಂತ ಬರುವುದಿಲ್ಲ. ಒಂದು ಆ್ಯಪ್‌ಗೆ ಹೊರಗಿನ (ತಯಾರಕರ ತಂಡಕ್ಕೆ ಸೇರದ) ಪರೀಕ್ಷಕರು ಗರಿಷ್ಠ 10,000. ತಯಾರಕರು ಲಿಂಕ್‌ಗೆ ಇನ್ನೂ ಕಡಿಮೆ ಮಿತಿ ಹಾಕಿರಬಹುದು. ಆ್ಯಪ್ ತೆರೆಯದೇ ಕೂತವರನ್ನು ಅವರು ತೆಗೆದುಹಾಕಿದಾಗ ಜಾಗ ತೆರವಾಗುತ್ತದೆ. ಆಗ ಮೊದಲು ಒತ್ತಿದವರಿಗೆ ಅದು. ಪರೀಕ್ಷೆಗೆ ಬಿಡುವ ಪ್ರತಿ ಬಿಲ್ಡ್‌ನ (ಆ್ಯಪ್‌ನ ಒಂದೊಂದು ಆವೃತ್ತಿ) ಆಯಸ್ಸು 90 ದಿನ. ಪರೀಕ್ಷೆ ಮುಂದುವರಿಯಲು ತಯಾರಕರು ಹೊಸದನ್ನು ಬಿಡಲೇಬೇಕು, ಆ ಹೊತ್ತಿಗೆ ಜಾಗ ತೆರವು ಮಾಡಿರಲೂಬಹುದು; ಆದ್ದರಿಂದ ಹೊಸ ಬಿಲ್ಡ್ ಬಂದ ಸುದ್ದಿ ಸಿಕ್ಕಾಗ ಮತ್ತೆ ಪ್ರಯತ್ನಿಸಿ. ತಯಾರಕರದೇ ಇಮೇಲ್ ಪಟ್ಟಿಯಿದ್ದರೆ ಸೇರಿಕೊಂಡು, ಸ್ಪ್ಯಾಮ್ ಫೋಲ್ಡರ್ ಆಗಾಗ ನೋಡಿ. ದುಡ್ಡಿಗೆ ಜಾಗ ಕೊಡಿಸುತ್ತೇವೆನ್ನುವ ಟೆಲಿಗ್ರಾಂ ಗುಂಪುಗಳಿಗೆ ನಿಮ್ಮ ಆ್ಯಪಲ್ ಖಾತೆಯ ಪಾಸ್‌ವರ್ಡ್ ಕೊಟ್ಟೀರಿ, ಜೋಕೆ!