ಬೆಂಗಳೂರಲ್ಲಿ ಕುಚ್ಚಲಕ್ಕಿ ಯಾಕೆ ತಡವಾಗಿ ಬೇಯುತ್ತದೆ?

ಓದುಗರ ಪತ್ರ: ಮಂಗಳೂರಿನಿಂದ ಮದುವೆಯಾಗಿ ರಾಜಾಜಿನಗರಕ್ಕೆ ಬಂದು ಎರಡು ವರ್ಷವಾಯಿತು. ಕುಚ್ಚಲಕ್ಕಿ ತವರಿನಿಂದಲೇ ತರುತ್ತೇನೆ. ಪಾತ್ರೆಯೂ ಅಮ್ಮ ಕೊಟ್ಟದ್ದೇ. ಅಲ್ಲಿ ಮುಕ್ಕಾಲು ಗಂಟೆಗೆ ಬೇಯುತ್ತಿದ್ದ ಅನ್ನ ಇಲ್ಲಿ ಅಷ್ಟು ಹೊತ್ತಾದರೂ ನಡುವೆ ಗಟ್ಟಿ. ಪಕ್ಕದ ಮನೆಯವರು 'ಬೋರ್ ನೀರು, ಅದಕ್ಕೇ' ಅನ್ನುತ್ತಾರೆ. ಅತ್ತೆ 'ಉರಿ ಸಾಲದು' ಅನ್ನುತ್ತಾರೆ. ಯಾವುದು ಸರಿ?

ಸಂಪಾದಕರ ಉತ್ತರ: ಮೊದಲೇ ಹೇಳಿಬಿಡುತ್ತೇನೆ, ತಪ್ಪು ನಿಮ್ಮ ಕೈಯದ್ದಲ್ಲ, ಅಕ್ಕಿಯದ್ದೂ ಅಲ್ಲ. ಮುಖ್ಯ ಕಾರಣ ಈ ಊರಿನ ಎತ್ತರ.

ಮಂಗಳೂರು ಕಡಲಿನ ಮಗ್ಗುಲಲ್ಲೇ ಇದೆ. ಬೆಂಗಳೂರು ಸುಮಾರು 920 ಮೀಟರ್ ಮೇಲಿದೆ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ. ಪಾತ್ರೆಯ ತಳದಲ್ಲಿ ಹುಟ್ಟುವ ಆವಿಯ ಗುಳ್ಳೆ ಆ ಒತ್ತಡವನ್ನು ತಳ್ಳಿ ನಿಂತಾಗಲೇ ನೀರು ಕುದಿಯುವುದು. ಒತ್ತಡ ಕಡಿಮೆಯಾದರೆ ಅಷ್ಟು ಬಿಸಿ ಬೇಕಾಗುವುದಿಲ್ಲ. ಹಾಗಾಗಿ ಮಂಗಳೂರಲ್ಲಿ 100 ಡಿಗ್ರಿಗೆ ಕುದಿಯುವ ನೀರು ಇಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಮುಳ್ಳಯ್ಯನಗಿರಿಯ ತುದಿಯಲ್ಲಿ ಇನ್ನೂ ಮೂರು ಡಿಗ್ರಿ ಕಡಿಮೆ.

ನಿಮ್ಮ ಪತ್ರ ಬಂದ ಸಂಜೆ ನಾನೂ ಒಲೆ ಹಚ್ಚಿ ನೋಡಿದೆ. ಸಕ್ಕರೆ ಪಾಕ ನೋಡುವ ಥರ್ಮಾಮೀಟರ್ ಇತ್ತು. (ಜ್ವರ ನೋಡುವುದನ್ನು ಮಾತ್ರ ಕುದಿಯುವ ನೀರಿಗೆ ಹಾಕಬೇಡಿ, ಒಡೆದುಹೋಗುತ್ತದೆ.) ಮುಳ್ಳು 97ರ ಹತ್ತಿರ ಬಂದು ನಿಂತಿತು. ಉರಿ ಪೂರ್ತಿ ದೊಡ್ಡದು ಮಾಡಿದೆ. ನೀರು ಕೊತಕೊತ ಕುದಿದು ಒಲೆಯ ಮೇಲೆ ಚೆಲ್ಲಿತು, ಕಿಟಕಿ ಗಾಜು ಮಂಜಾಯಿತು. ಮುಳ್ಳು ಮಾತ್ರ ಅಲ್ಲಾಡಲಿಲ್ಲ. ಕುದಿ ಬಂದ ಮೇಲೆ ಕೊಟ್ಟ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚು. ಅತ್ತೆಯವರಿಗೆ ಇದನ್ನು ನಿಧಾನವಾಗಿ ತೋರಿಸಿ. ಉರಿ ಜಾಸ್ತಿ ಮಾಡಿದರೆ ಸಿಲಿಂಡರ್ ಬೇಗ ಮುಗಿಯುತ್ತದೆ, ಅನ್ನ ಬೇಗ ಆಗುವುದಿಲ್ಲ.

ಬರೀ ಮೂರು ಡಿಗ್ರಿ ಅಲ್ವಾ ಅನ್ನಿಸಬಹುದು. ಸೋನಾ ಮಸೂರಿಗಾದರೆ ಅದು ಗೊತ್ತೇ ಆಗುವುದಿಲ್ಲ. ಕುಚ್ಚಲಕ್ಕಿ ಹಾಗಲ್ಲ. ಭತ್ತವಾಗಿದ್ದಾಗಲೇ ಬೇಯಿಸಿ ಒಣಗಿಸಿದ ಗಟ್ಟಿ ಕಾಳು ಅದು, ಮೇಲೆ ಕೆಂಪು ತೌಡು ಬೇರೆ. ಬೇಯಲು ಹಿಡಿಯುವ ಹೊತ್ತೇ ಉದ್ದವಾದ್ದರಿಂದ ಆ ಸಣ್ಣ ವ್ಯತ್ಯಾಸ ಹತ್ತು ನಿಮಿಷದಷ್ಟು ಬೆಳೆದುಬಿಡುತ್ತದೆ.

ಪಕ್ಕದ ಮನೆಯವರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದು ಅಕ್ಕಿಗಿಂತ ಬೇಳೆಗೆ ಸರಿಹೋಗುವ ಮಾತು. ಬೋರ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕೂರುತ್ತದಲ್ಲ, ಅದರಲ್ಲಿ ಹೆಚ್ಚಿನದು ಕ್ಯಾಲ್ಸಿಯಂ. ಬೇಳೆಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವುದು ಪೆಕ್ಟಿನ್ ಎಂಬ ವಸ್ತು. ಅದು ಕರಗಿದರೆ ಬೇಳೆ ನುಣ್ಣಗಾಗುತ್ತದೆ. ಕ್ಯಾಲ್ಸಿಯಂ ಅದನ್ನು ಇನ್ನೂ ಬಿಗಿ ಮಾಡುತ್ತದೆ. ತೊಗರಿಬೇಳೆಯನ್ನು ಕಾವೇರಿ ನೀರಲ್ಲೇ ಬೇಯಿಸಿ. ಹುಣಸೆಹುಳಿಯೂ ಪೆಕ್ಟಿನ್ ಕರಗಲು ಬಿಡುವುದಿಲ್ಲ. 'ಬೇಳೆ ಬೆಂದ ಮೇಲೇ ಹುಳಿ' ಎಂದು ನಮ್ಮ ಅಜ್ಜಿ ಪದೇ ಪದೇ ಹೇಳುತ್ತಿದ್ದರು. ಅವರು ಎಷ್ಟು ಸರಿಯಾಗಿ ಗಮನಿಸಿದ್ದರು ಎಂದು ನೆನೆದಾಗೆಲ್ಲ ಸಂತೋಷವಾಗುತ್ತದೆ.

ಇನ್ನು ಉಪಾಯ. ಅಕ್ಕಿಯನ್ನು ರಾತ್ರಿಯೇ ನೆನೆಹಾಕಿ, ಕುಕ್ಕರಿನಲ್ಲಿ ಬೇಯಿಸಿ. ಗಂಜಿ ಉಕ್ಕುತ್ತದೆ, ಅರ್ಧಕ್ಕಿಂತ ಜಾಸ್ತಿ ತುಂಬಿಸಬೇಡಿ. ವೆಯ್ಟ್ ಆವಿಯನ್ನು ಒಳಗೇ ಒತ್ತಿ ಹಿಡಿಯುವುದರಿಂದ ನೀರು 120 ಡಿಗ್ರಿಯ ಹತ್ತಿರ ಹೋಗುತ್ತದೆ. 1679ರಲ್ಲಿ ಡೆನಿ ಪಾಪಾನ್ ಎಂಬ ಫ್ರೆಂಚ್ ವಿಜ್ಞಾನಿ ಇಂಥದೇ ಬಿಗಿ ಮುಚ್ಚಳದ ಪಾತ್ರೆ ಮಾಡಿ ಮೂಳೆಯನ್ನೂ ಮೆತ್ತಗೆ ಮಾಡಿದ್ದ. ಒಂದು ಸಲ ಕೂಗಿದ ಮೇಲೆ ಉರಿ ಸಣ್ಣ ಮಾಡಿ. ಒಳಗಿನ ಬಿಸಿ ಇಳಿಯುವುದಿಲ್ಲ.

ತಿಳಿ ಬಸಿದ ಅನ್ನವೇ ಬೇಕೆಂದರೆ ತೆರೆದ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿ, ಮುಚ್ಚಿ, ಒಲೆ ಆರಿಸಿ, ದಪ್ಪ ಬಟ್ಟೆ ಸುತ್ತಿ ಒಂದು ಗಂಟೆ ಬಿಡಿ. ಆಮೇಲೆ ಮತ್ತೆ ಕುದಿಸಿದರೆ ಬೇಗ ಬೇಯುತ್ತದೆ.

ಮುಂದಿನ ಸಲ ಊರಿಗೆ ಹೋಗುವಾಗ ಒಂದು ಪಾಕದ ಥರ್ಮಾಮೀಟರ್ ಜೊತೆಗೊಯ್ಯಿರಿ. ಅಮ್ಮನ ಒಲೆಯ ಮೇಲೆ ಮುಳ್ಳು ಎಲ್ಲಿ ನಿಂತಿತು ಅಂತ ಬರೆಯಿರಿ, ಖಂಡಿತ ಪ್ರಕಟಿಸುತ್ತೇವೆ.